ಡೇಟಾ ಬರುವ ಮುನ್ನ, ಬಂದ ಮೇಲೆ: ವೆಬ್ ಪುಟದ ಕಾಂಪೊನೆಂಟ್‌ಗಳು ಮೂಡುವ ಬಗೆ

ಇಂದಿನ ವೆಬ್ ಪುಟಗಳಲ್ಲಿ ಹೆಚ್ಚಿನವು ಒಂದೇ ಸಲಕ್ಕೆ ಪೂರ್ತಿ ಬರುವುದಿಲ್ಲ. ಮೊದಲು ಬರುವುದು ಹಂದರ. ಅದರೊಳಗಿನ ಪಟ್ಟಿ, ಬೆಲೆ, ಹೆಸರುಗಳಿಗಾಗಿ ಬ್ರೌಸರ್ ಮತ್ತೆ ಸರ್ವರ್‌ನ ಬಾಗಿಲು ತಟ್ಟುತ್ತದೆ. ಉತ್ತರ ಸಿಕ್ಕಾಗ ಇಡೀ ಪುಟವನ್ನು ಬದಲಿಸದೆ ಆಯಾ ಭಾಗವನ್ನಷ್ಟೇ, ಅಂದರೆ ಆ ಕಾಂಪೊನೆಂಟನ್ನಷ್ಟೇ, ಹೊಸದಾಗಿ ಬಿಡಿಸುತ್ತದೆ. ಬಂದ ಡೇಟಾ ತೋರಿಸುವುದು ಸುಲಭ. ಬರುವ ತನಕ ಏನು ತೋರಿಸಬೇಕು ಎಂಬಲ್ಲೇ ತಲೆನೋವು.

ಹಿನ್ನೆಲೆ

ಪುಟವನ್ನು ರಿಫ್ರೆಶ್ ಮಾಡದೆ ಸರ್ವರ್‌ನಿಂದ ಮಾಹಿತಿ ತರುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ವೆಬ್ ಮೇಲ್‌ಗಾಗಿ ರೂಪಿಸಿ, 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಸೇರಿಸಿತು. ಅದರ ಬಲವನ್ನು ಜನ ಕಂಡದ್ದು 2004ರ ಜಿಮೇಲ್ ಮತ್ತು 2005ರ ಗೂಗಲ್ ಮ್ಯಾಪ್ಸ್‌ನಲ್ಲಿ. 2005ರಲ್ಲೇ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ ಅಜಾಕ್ಸ್ ಎಂದು ಹೆಸರಿಟ್ಟರು. ಪುಟವನ್ನು ಕಾಂಪೊನೆಂಟ್‌ಗಳಾಗಿ ಕಟ್ಟುವ ರಿಯಾಕ್ಟ್ ಲೈಬ್ರರಿಯನ್ನು 2013ರಲ್ಲಿ ಫೇಸ್‌ಬುಕ್ ಮುಕ್ತವಾಗಿ ಬಿಡುಗಡೆ ಮಾಡಿತು.

ಮೊದಲ ಸಲ ಕೈ ಖಾಲಿ

ಜಾವಾಸ್ಕ್ರಿಪ್ಟ್ ಸರ್ವರ್‌ನ ಉತ್ತರಕ್ಕಾಗಿ ಕಾದು ಕೂರುವುದಿಲ್ಲ. ಫೆಚ್ ಎಂದು ಕರೆದ ಕೂಡಲೇ ಅದು ಕೊಡುವುದು ಒಂದು ಪ್ರಾಮಿಸ್, ಅಂದರೆ ಮುಂದೆ ಕೊಡುವೆನೆಂಬ ಮಾತು; ಡೇಟಾ ಆಮೇಲೆ. ರಿಯಾಕ್ಟ್‌ನಲ್ಲಿ ಸಾಮಾನ್ಯವಾಗಿ ಕಾಂಪೊನೆಂಟ್ ಮೊದಲು ಡೇಟಾ ಇಲ್ಲದೆಯೇ ಮೂಡುತ್ತದೆ, ನಂತರ ಯೂಸ್‌ಎಫೆಕ್ಟ್ ಎಂಬ ಫಂಕ್ಷನ್ ಓಡಿ ವಿನಂತಿ ಹೊರಡುತ್ತದೆ, ಉತ್ತರವನ್ನು ಸ್ಟೇಟ್‌ಗೆ ತುಂಬಿದಾಗ ಎರಡನೇ ಸಲ ಮೂಡುತ್ತದೆ.

ರೈಲು ವೇಳಾಪಟ್ಟಿಯ ಪುಟವೊಂದನ್ನು ತೆಗೆದುಕೊಳ್ಳಿ. ಹೊಸಬರು ರೈಲುಗಳ ಪಟ್ಟಿಯ ಮೇಲೆ ನೇರವಾಗಿ ಮ್ಯಾಪ್ ಕರೆಯುತ್ತಾರೆ. ಮೊದಲ ಸುತ್ತಿನಲ್ಲಿ ಪಟ್ಟಿ ಇನ್ನೂ ಅನ್‌ಡಿಫೈನ್ಡ್ ಆದ್ದರಿಂದ ಎರರ್ ಏಳುತ್ತದೆ; ಹಿಡಿಯುವವರಿಲ್ಲದ ಆ ಎರರ್‌ನಿಂದ ಪುಟ ಪೂರ್ತಿ ಬೆಳ್ಳಗಾಗುತ್ತದೆ. ಆರಂಭಕ್ಕೆ ಖಾಲಿ ಅರೇ ಕೊಟ್ಟರೆ ಎರರ್ ತಪ್ಪುತ್ತದೆ, ಆದರೆ ಇನ್ನೊಂದು ಎಡವಟ್ಟು: ಉತ್ತರ ಬರುವ ಮೊದಲೇ ‘ಈ ಮಾರ್ಗದಲ್ಲಿ ರೈಲುಗಳಿಲ್ಲ’ ಎಂಬ ಸಾಲು ಮಿಂಚಿ ಮಾಯವಾಗುತ್ತದೆ. ಇದು ಎರರ್‌ಗಿಂತ ಕೆಟ್ಟದ್ದು, ಏಕೆಂದರೆ ಪುಟ ಸುಳ್ಳು ಹೇಳಿತು. ‘ಇಲ್ಲ’ ಬೇರೆ, ‘ಇನ್ನೂ ಬಂದಿಲ್ಲ’ ಬೇರೆ. ಹಾಗಾಗಿ ಕಾಯುತ್ತಿದೆ, ಸೋತಿದೆ, ಖಾಲಿ ಬಂದಿದೆ, ಡೇಟಾ ಬಂದಿದೆ ಎಂಬ ನಾಲ್ಕೂ ಸ್ಥಿತಿಗಳಿಗೆ ಕೋಡ್‌ನಲ್ಲಿ ಪ್ರತ್ಯೇಕ ಜಾಗ ಬೇಕು. ಅಂದಹಾಗೆ, ಸರ್ವರ್ 404 ಅಥವಾ 500ರಂಥ ಎರರ್ ಕೋಡ್ ಕಳಿಸಿದರೂ ಫೆಚ್ ತಾನಾಗಿ ಸೋಲುವುದಿಲ್ಲ. ಉತ್ತರ ಸರಿಯಿದೆಯೇ ಎಂದು ನಾವೇ ನೋಡಬೇಕು.

ಹಿಂದೆ ಬಿದ್ದ ಉತ್ತರ

ಅದೇ ಪುಟದಲ್ಲಿ ಬಳಕೆದಾರರು ಮೈಸೂರು ಆರಿಸಿ, ತಕ್ಷಣ ಮನಸ್ಸು ಬದಲಿಸಿ ಹುಬ್ಬಳ್ಳಿ ಒತ್ತಿದರು ಎನ್ನೋಣ. ಎರಡು ವಿನಂತಿಗಳು ಹೊರಟಿವೆ. ಹುಬ್ಬಳ್ಳಿಯ ಉತ್ತರ ಮೊದಲು ಬಂದು, ಮೈಸೂರಿನದು ತಡವಾಗಿ ಬಂದರೆ, ಮೇಲೆ ಹುಬ್ಬಳ್ಳಿ ಎಂದಿದ್ದರೂ ಕೆಳಗೆ ಮೈಸೂರಿನ ರೈಲುಗಳು! ಕಚೇರಿಯ ವೇಗದ ಸಂಪರ್ಕದಲ್ಲಿ ಪರೀಕ್ಷಿಸುವಾಗ ಇದು ಕಣ್ಣಿಗೆ ಬೀಳುವುದೇ ಕಡಿಮೆ. ಹಳೆಯ ವಿನಂತಿಯನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡುವುದು, ಇಲ್ಲವೇ ಯೂಸ್‌ಎಫೆಕ್ಟ್‌ನ ಕ್ಲೀನ್‌ಅಪ್‌ನಲ್ಲಿ ಒಂದು ಗುರುತು ಇಟ್ಟು ಅದರ ಉತ್ತರವನ್ನು ಕಡೆಗಣಿಸುವುದು ಇದಕ್ಕೆ ಮದ್ದು.

ಕಾಯುವಾಗ ಕಾಣುವುದು

ತಿರುಗುವ ಚಕ್ರವೋ, ಬೂದು ಪಟ್ಟಿಗಳ ಸ್ಕೆಲಿಟನ್ನೋ? ಬರಲಿರುವ ವಸ್ತುವಿನ ಆಕಾರ ಗೊತ್ತಿದ್ದರೆ ಸ್ಕೆಲಿಟನ್ ಮೇಲು, ಏಕೆಂದರೆ ಅದು ಜಾಗ ಕಾಯ್ದಿರಿಸುತ್ತದೆ. ಜಾಗ ಬಿಡದಿದ್ದರೆ ಡೇಟಾ ಬಂದೊಡನೆ ಕೆಳಗಿನದೆಲ್ಲ ಜಿಗಿದು, ಒತ್ತಲು ಹೋದ ಬಟನ್ ಬೆರಳಿನಡಿಯಿಂದ ಜಾರುತ್ತದೆ. ಈ ಜಿಗಿತಕ್ಕೆ ಗೂಗಲ್ ಸಿಎಲ್‌ಎಸ್ ಎಂಬ ಅಳತೆ ಇಟ್ಟಿದೆ, 0.1ಕ್ಕಿಂತ ಹೆಚ್ಚಾಗದಿದ್ದರೆ ಒಳ್ಳೆಯದು. ಉತ್ತರ ಕ್ಷಣಾರ್ಧದಲ್ಲಿ ಬರುವಂತಿದ್ದರೆ ಏನನ್ನೂ ತೋರಿಸದಿರುವುದೇ ವಾಸಿ. ಮಿಂಚಿ ಮರೆಯಾಗುವ ಚಕ್ರ ಬರೀ ಕಿರಿಕಿರಿ.

ಸರಪಳಿ ಮತ್ತು ಸಸ್ಪೆನ್ಸ್

ತಾಯಿ ಕಾಂಪೊನೆಂಟ್ ತನ್ನ ಡೇಟಾ ತಂದ ಮೇಲಷ್ಟೇ ಮರಿ ಕಾಂಪೊನೆಂಟ್ ಮೂಡಿ ತನ್ನದಕ್ಕೆ ಹೊರಟರೆ ಕಾಯುವ ಹೊತ್ತು ಒಂದರ ಮೇಲೊಂದು ಸೇರುತ್ತದೆ. ತಲಾ 300 ಮಿಲಿಸೆಕೆಂಡಿನ ಮೂರು ಹಂತಗಳಿಗೆ 900. ಮೂರೂ ವಿನಂತಿಗಳನ್ನು ಒಟ್ಟಿಗೇ ಕಳಿಸಿದ್ದರೆ ಸುಮಾರು 300ರಲ್ಲೇ ಮುಗಿಯುತ್ತಿತ್ತು. ಕಾಯುವುದನ್ನು ಹಗುರ ಮಾಡುವ ಇನ್ನೊಂದು ದಾರಿಯೂ ಇದೆ: 2022ರ ರಿಯಾಕ್ಟ್ 18ರಲ್ಲಿ ಸರ್ವರ್ ಮೊದಲು ಹಂದರವನ್ನೂ ಸ್ಕೆಲಿಟನ್ನನ್ನೂ ಕಳಿಸಿ, ಡೇಟಾ ಸಿಕ್ಕಂತೆ ಉಳಿದ ತುಂಡುಗಳನ್ನು ಅದೇ ಉತ್ತರದ ಮುಂದುವರಿಕೆಯಾಗಿ ಹರಿಸಬಲ್ಲದು. ಎಲ್ಲಿ ಕಾಯಬೇಕೆಂಬ ಗಡಿ ಗುರುತಿಸುವುದು ಸಸ್ಪೆನ್ಸ್. ಆದರೆ ಅದು ನೋಡಿಕೊಳ್ಳುವುದು ಕಾಯುವುದನ್ನು ಮಾತ್ರ. ವಿನಂತಿ ಸೋತರೆ ಹಿಡಿಯಲು ಎರರ್ ಬೌಂಡರಿಯನ್ನು ಬೇರೆಯಾಗಿಯೇ ಬರೆಯಬೇಕು, ಖಾಲಿ ಪಟ್ಟಿ ಬಂದರೆ ಏನು ತೋರಿಸಬೇಕೆಂಬುದನ್ನೂ.