ಬರಿಗಾಲಿನ ಇನ್‌ಸೈಡ್ ಲೆಫ್ಟ್: ಅಹ್ಮದ್ ಖಾನ್ ಮತ್ತು ಗೋಲುಗಳ ಲೆಕ್ಕ

ಭಾರತದ ಫುಟ್‌ಬಾಲ್ ಚರಿತ್ರೆಯಲ್ಲಿ ಬೆಂಗಳೂರು ಮುನ್ನೆಲೆಗೆ ಬಂದ ಕಾಲಘಟ್ಟಗಳು ಎರಡು. ಮೊದಲನೆಯದು 1930ರ ದಶಕದ ಕೊನೆಯಿಂದ 1950ರ ದಶಕದವರೆಗಿನದು. ಎರಡನೆಯದು 2013ರಲ್ಲಿ ಬೆಂಗಳೂರು ಎಫ್‌ಸಿ ಸ್ಥಾಪನೆಯಾದ ನಂತರದ್ದು. ಮೊದಲನೆಯದಕ್ಕೆ ಅಹ್ಮದ್ ಖಾನ್ (1926–2017), ಎರಡನೆಯದಕ್ಕೆ ಸುನಿಲ್ ಛೆಟ್ರಿ ಪ್ರತಿನಿಧಿಗಳೆನ್ನಬಹುದು. ಇವರಲ್ಲಿ ದೊಡ್ಡವರು ಯಾರು ಎಂಬ ಚರ್ಚೆಯನ್ನು ಗೋಲುಗಳ ಸಂಖ್ಯೆಯಿಂದ ತೀರ್ಮಾನಿಸಹೊರಟರೆ ಅದು ಆರಂಭವಾಗುವ ಮೊದಲೇ ಮುಗಿದುಹೋಗುತ್ತದೆ. 2024ರ ಜೂನ್‌ನಲ್ಲಿ ಮೊದಲ ಬಾರಿ ಅಂತಾರಾಷ್ಟ್ರೀಯ ಆಟದಿಂದ ನಿವೃತ್ತರಾದಾಗ ಛೆಟ್ರಿ 151 ಪಂದ್ಯಗಳಲ್ಲಿ 94 ಗೋಲು ಗಳಿಸಿದ್ದರು. ಎರಡು ಒಲಿಂಪಿಕ್ಸ್‌ಗಳಲ್ಲಿ ಆಡಿದ ಅಹ್ಮದ್ ಖಾನ್ ಅವರ ಹೆಸರಿನಲ್ಲಿ ಅಲ್ಲಿ ದಾಖಲಾಗಿರುವುದು ಒಂದೇ ಗೋಲು. ಆದುದರಿಂದ ಮೊದಲು ಪರಿಶೀಲಿಸಬೇಕಾದದ್ದು ಆಟಗಾರರನ್ನಲ್ಲ, ಅವರನ್ನು ಅಳೆಯುವ ಈ ಅಳತೆಗೋಲನ್ನು.

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ದಂಡು ಪ್ರದೇಶದ, ಅಂದರೆ ಬ್ರಿಟಿಷ್ ಸೈನ್ಯ ನೆಲೆಸಿದ್ದ ಕಂಟೋನ್ಮೆಂಟಿನ ಮೂಲಕ. ಪಲ್ಟಣಗಳ ತಂಡಗಳು ಆಡುತ್ತಿದ್ದುದನ್ನು ನೋಡುತ್ತ, ಮುಂದೆ ಅವುಗಳ ಎದುರೇ ಆಡುತ್ತ, ಸುತ್ತಲಿನ ಕೇರಿಗಳ ಹುಡುಗರು ಈ ಆಟವನ್ನು ತಮ್ಮದಾಗಿಸಿಕೊಂಡರು. 1891ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ದಶಕಗಳ ಕಾಲ ಸೈನ್ಯದ ತಂಡಗಳ ಸೊತ್ತಿನಂತಿದ್ದ ರೋವರ್ಸ್ ಕಪ್ಪನ್ನು 1937 ಮತ್ತು 1938ರಲ್ಲಿ ಸತತವಾಗಿ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಪಡೆಯಿತು. ಅಹ್ಮದ್ ಖಾನ್ ರೂಪುಗೊಂಡದ್ದು ಇಂಥ ಊರಿನಲ್ಲಿ, ಫುಟ್‌ಬಾಲ್ ಆಡುವ ಮನೆತನದಲ್ಲಿ.

ಅವರು ಆಡುತ್ತಿದ್ದ ಜಾಗ ‘ಇನ್‌ಸೈಡ್ ಲೆಫ್ಟ್’. ಆ ಕಾಲದ ಭಾರತದಲ್ಲಿ ರೂಢಿಯಲ್ಲಿದ್ದ ವ್ಯೂಹದಲ್ಲಿ ಹಿಂದೆ ಇಬ್ಬರು ರಕ್ಷಕರು, ನಡುವೆ ಮೂವರು ಹಾಫ್‌ಬ್ಯಾಕ್‌ಗಳು, ಮುಂದೆ ಐವರು ದಾಳಿಗಾರರು ನಿಲ್ಲುತ್ತಿದ್ದರು. ಈ ಐವರಲ್ಲಿ ಅಂಚಿನಲ್ಲಿ ಓಡುವವರು ವಿಂಗರ್‌ಗಳು, ಗೋಲಿನೆದುರು ಕಾಯುವವನು ಸೆಂಟರ್ ಫಾರ್ವರ್ಡ್. ಇವರ ನಡುವಿನ ತೆರಪಿನಲ್ಲಿ ಎಡಕ್ಕೊಬ್ಬ, ಬಲಕ್ಕೊಬ್ಬನಂತೆ ಇರುವ ಇನ್‌ಸೈಡ್ ಆಟಗಾರರು ತುಸು ಹಿಂದಿನಿಂದ ಚೆಂಡನ್ನು ಪಡೆದು, ಎದುರಾಳಿಯನ್ನು ದಾಟಿಸಿ, ಗೋಲು ಹೊಡೆಯುವವನ ಕಾಲಿಗೆ ಅದನ್ನು ತಲುಪಿಸಬೇಕಾಗಿತ್ತು. ಹೀಗೆ ತಲುಪಿಸಿದ ಚೆಂಡಿಗೆ ಅಂದು ಲೆಕ್ಕವಿಡುವವರಿರಲಿಲ್ಲ. ಗೋಲಿಗೆ ನೆರವಾದ ಪಾಸುಗಳನ್ನೂ ಓಡಿದ ದೂರವನ್ನೂ ಎಣಿಸುವ ಪದ್ಧತಿ ತೀರ ಈಚಿನದು; ಅಹ್ಮದ್ ಖಾನ್ ಅವರ ಆಟದ ಬಹುಭಾಗ ಇದ್ದದ್ದೇ ಎಣಿಕೆಗೆ ಸಿಗದ ಈ ಕೆಲಸದಲ್ಲಿ. 1949ರಲ್ಲಿ ಅವರು ಕೊಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದ ಬಳಿಕ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಮತ್ತು ಅಹ್ಮದ್ ಖಾನ್ ಅವರ ಮುಂಪಂಕ್ತಿಯನ್ನು ಜನ ‘ಪಂಚಪಾಂಡವರು’ ಎಂದು ಕರೆದರು. ದಕ್ಷಿಣದಿಂದ ಹೋದ ಈ ಐವರ ಬಲದಿಂದ ಆ ಕ್ಲಬ್ 1949ರಿಂದ 1951ರವರೆಗೆ ಸತತ ಮೂರು ಬಾರಿ ಐಎಫ್‌ಎ ಶೀಲ್ಡ್ ಗೆದ್ದಿತು.

ಈ ಆಟ ಬಹುಮಟ್ಟಿಗೆ ಬರಿಗಾಲಿನದು. ಪಾದಕ್ಕೆ ಬ್ಯಾಂಡೇಜ್ ಪಟ್ಟಿ ಸುತ್ತಿಕೊಂಡು ಆಡುವವನಿಗೆ ಚೆಂಡಿನ ಸ್ಪರ್ಶ ಬೆರಳುಗಳಿಗೇ ನೇರವಾಗಿ ಸಿಗುತ್ತಿದ್ದುದರಿಂದ ಒಣನೆಲದಲ್ಲಿ ಅದನ್ನು ಕಾಲಿಗಂಟಿಸಿಕೊಂಡಂತೆ ತಿರುಗಿಸುವ ಡ್ರಿಬ್ಲಿಂಗ್ ಕೌಶಲ ಸೂಕ್ಷ್ಮವಾಗಿ ಬೆಳೆಯಿತು. ಬ್ರಿಟಿಷ್ ಪತ್ರಿಕೆಗಳು ಅಹ್ಮದ್ ಖಾನರನ್ನು ಹಾವಾಡಿಗನಿಗೆ ಹೋಲಿಸಿದ್ದಕ್ಕೆ ಈ ಕೌಶಲವೇ ಕಾರಣವೆನ್ನಲಾಗುತ್ತದೆ. ಆದರೆ ಮಳೆ ಬಿದ್ದು ನೆಲ ಕೆಸರಾದರೆ ಬರಿಗಾಲು ಹಿಡಿತ ತಪ್ಪುತ್ತಿತ್ತು. ಇದರ ಜೊತೆಗೆ ದೇಶದೊಳಗಿನ ಪಂದ್ಯಗಳು ಸಾಮಾನ್ಯವಾಗಿ 70 ನಿಮಿಷಗಳವಾಗಿದ್ದು, ಹೊರದೇಶದ 90 ನಿಮಿಷಗಳಿಗೆ ಬೇಕಾದ ಕಸುವು ಅಭ್ಯಾಸದಿಂದ ಬಂದಿರಲಿಲ್ಲ.

ಈ ಬಲ ಮತ್ತು ದೌರ್ಬಲ್ಯಗಳು ಎರಡು ಒಲಿಂಪಿಕ್ಸ್‌ಗಳಲ್ಲಿ ಒಂದರ ಹಿಂದೊಂದರಂತೆ ಕಂಡವು. 1948ರ ಜುಲೈ 31ರಂದು ಲಂಡನ್ ಬಳಿಯ ಇಲ್‌ಫೋರ್ಡ್‌ನಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯವನ್ನು ಫ್ರಾನ್ಸ್ ಎದುರು ಆಡಿ, ಎರಡು ಪೆನಾಲ್ಟಿಗಳನ್ನು ಕೈಬಿಟ್ಟು, 1–2ರಿಂದ ಸೋತಿತು. ಭಾರತದ ಆ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ನಾಲ್ಕು ವರ್ಷಗಳ ನಂತರ ಹೆಲ್ಸಿಂಕಿಯಲ್ಲಿ, ಮುಂದೆ ಬೆಳ್ಳಿಪದಕ ಗೆದ್ದ ಯುಗೊಸ್ಲಾವಿಯದ ಎದುರು ಭಾರತ 1–10ರ ಸೋಲುಂಡಿತು. ಪಂದ್ಯದ ಕೊನೆಯ ನಿಮಿಷಗಳಲ್ಲಿ ಬಂದ ಆ ಒಂದು ಗೋಲು ಅಹ್ಮದ್ ಖಾನರದು. ಈ ಎರಡರ ನಡುವೆ, 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ರಿಂದ ಮಣಿಸಿ ಭಾರತ ಚಿನ್ನ ಗೆದ್ದಿತ್ತು. 1950ರಲ್ಲಿ ಬ್ರೆಜಿಲ್‌ನ ವಿಶ್ವಕಪ್‌ಗೆ ಹೋಗುವ ಅವಕಾಶ ಒದಗಿದ್ದರೂ ತಂಡ ಹೋಗಲಿಲ್ಲ. ಇಪ್ಪತ್ತಮೂರರ ಹರೆಯದಲ್ಲಿದ್ದ ಅಹ್ಮದ್ ಖಾನರ ಮಟ್ಟಿಗೆ ಇದು ತುಂಬಲಾಗದ ನಷ್ಟವೆಂದೇ ಹೇಳಬೇಕು.

ಛೆಟ್ರಿಯವರ ಲೋಕ ಬೇರೆ. ಅವರು ಗೋಲು ಗಳಿಸುವುದನ್ನೇ ಮುಖ್ಯ ಕರ್ತವ್ಯವಾಗಿ ಹೊತ್ತ ಸ್ಟ್ರೈಕರ್, ವರ್ಷವಿಡೀ ವೇತನ, ತರಬೇತಿ ಮತ್ತು ವೈದ್ಯರ ನೆರವಿರುವ ವೃತ್ತಿಪರ ಆಟಗಾರ. ಏಷ್ಯ ಕಪ್, ವಿಶ್ವಕಪ್ ಅರ್ಹತಾ ಸುತ್ತು ಮತ್ತು ದಕ್ಷಿಣ ಏಷ್ಯದ ಪಂದ್ಯಾವಳಿಗಳು ಇಂದಿನ ಆಟಗಾರನಿಗೆ ಒಂದೆರಡು ವರ್ಷಗಳಲ್ಲಿ ಕೊಡುವಷ್ಟು ಅಂತಾರಾಷ್ಟ್ರೀಯ ಪಂದ್ಯಗಳು ಅಹ್ಮದ್ ಖಾನರ ಕಾಲದಲ್ಲಿ ಇಡೀ ಆಟದ ಬದುಕಿಗೂ ದೊರೆಯುವಂತಿರಲಿಲ್ಲ. ಹಾಗೆಂದು ಛೆಟ್ರಿಯವರ ಸಾಧನೆಯನ್ನು ಅನುಕೂಲಗಳ ಫಲವೆಂದು ಕಿರಿದುಗೊಳಿಸುವುದೂ ಅನ್ಯಾಯವೇ. 2005ರ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ಎದುರು ಆಡಿದ ಮೊದಲ ಪಂದ್ಯದಲ್ಲೇ ಗೋಲು ಹೊಡೆದವರು ಹತ್ತೊಂಬತ್ತು ವರ್ಷಗಳ ಕಾಲ, ಬಹುತೇಕ ಒಬ್ಬರೇ, ಒಂದು ದುರ್ಬಲ ತಂಡದ ದಾಳಿಯ ಭಾರವನ್ನು ಹೊತ್ತರು. ಪಂಚಪಾಂಡವರಲ್ಲಿ ಒಬ್ಬರಾಗಿದ್ದ ಅಹ್ಮದ್ ಖಾನರಿಗೆ ಇದ್ದ ಜೊತೆಗಾರರ ಭಾಗ್ಯ ರಾಷ್ಟ್ರೀಯ ತಂಡದಲ್ಲಿ ಛೆಟ್ರಿಯವರಿಗೆ ಇರಲಿಲ್ಲ.

ಇವರಿಬ್ಬರ ಹೋಲಿಕೆಯಲ್ಲಿ ಹೆಚ್ಚು ಅರ್ಥಪೂರ್ಣವಾದದ್ದು ಅವರು ಸಾಗಿದ ದಿಕ್ಕು. ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಕಲಿತು ಹೆಸರಿಗಾಗಿ ಕೊಲ್ಕತ್ತಕ್ಕೆ ಹೋದರು. ಸಿಕಂದರಾಬಾದಿನಲ್ಲಿ ಹುಟ್ಟಿ ಕೊಲ್ಕತ್ತದಲ್ಲೂ ಆಡಿದ ಛೆಟ್ರಿ ಬೆಂಗಳೂರಿಗೆ ಬಂದರು. ಆಟಗಾರರನ್ನು ಬೆಳೆಸಿ ಕಳುಹಿಸುತ್ತಿದ್ದ ನಗರ ಈಗ ಅವರನ್ನು ಬರಮಾಡಿಕೊಳ್ಳುವ ನಗರವಾಗಿದೆ. 1968–69ರಲ್ಲಿ ಮೈಸೂರು ಗೆದ್ದ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಮರಳಿ ದಕ್ಕಿದ್ದು 54 ವರ್ಷಗಳ ನಂತರ, 2023ರಲ್ಲಿ, ರಿಯಾದ್‌ನಲ್ಲಿ. ಅದನ್ನು ನೋಡಲು ಅಹ್ಮದ್ ಖಾನ್ ಇರಲಿಲ್ಲ. 2017ರ ಆಗಸ್ಟ್‌ನಲ್ಲಿ, ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ನ ತನ್ನ ಮೊದಲ ಋತುವಿಗೆ ಸಜ್ಜಾಗುತ್ತಿದ್ದಾಗ, ಅವರು ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.