‘ಹುಪೊಸ್ಟಸಿಸ್’: ಒಂದು ದೈವಶಾಸ್ತ್ರೀಯ ಪರಿಭಾಷೆಯ ಚರಿತ್ರೆ

ಕ್ರೈಸ್ತ ವ್ಯವಸ್ಥಿತ ದೈವಶಾಸ್ತ್ರದ ಪಠ್ಯಗಳು ತ್ರಿತ್ವದ ಸೂತ್ರವನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ: ದೇವರ ಸತ್ತ್ವ ಒಂದು, ವ್ಯಕ್ತಿಗಳು ಮೂರು. ಈ ಸೂತ್ರದ ಗ್ರೀಕ್ ರೂಪದಲ್ಲಿ ಸತ್ತ್ವದ ಸ್ಥಾನದಲ್ಲಿರುವುದು ‘ಊಸಿಯಾ’, ವ್ಯಕ್ತಿಯ ಸ್ಥಾನದಲ್ಲಿರುವುದು ‘ಹುಪೊಸ್ಟಸಿಸ್’. ನಾಲ್ಕನೆಯ ಶತಮಾನದ ಆರಂಭದಲ್ಲಿ ಅನೇಕರ ಬಳಕೆಯಲ್ಲಿ ಸಮಾನಾರ್ಥಕಗಳಾಗಿದ್ದ ಈ ಎರಡು ಪದಗಳು ಶತಮಾನ ಮುಗಿಯುವಷ್ಟರಲ್ಲಿ ಪರಸ್ಪರ ಎದುರು ನಿಂತವು. ಈ ಪಲ್ಲಟವು ಪದಗಳ ವ್ಯುತ್ಪತ್ತಿಯಿಂದ ಉಂಟಾದುದಲ್ಲ. ಬಳಕೆಯ ಬಗ್ಗೆ ಒಂದು ಸಮುದಾಯ ಮಾಡಿಕೊಂಡ ಒಪ್ಪಂದದಿಂದ ಉಂಟಾದುದು. ಆ ಒಪ್ಪಂದದಲ್ಲಿ ಪಾಲುಗೊಳ್ಳದ ಭಾಷೆಗಳಿಗೆ ಅದೇ ಪದ ದಾಟಿದಾಗ ಏನಾಯಿತೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪೂರ್ವಾರ್ಥಗಳು

‘ಹುಪೊಸ್ಟಸಿಸ್’ ಪದದ ಘಟಕಗಳು ‘ಕೆಳಗೆ’ ಮತ್ತು ‘ನಿಲ್ಲುವಿಕೆ’. ಗ್ರೀಕ್ ವೈದ್ಯಗ್ರಂಥಗಳಲ್ಲಿ ಅದು ದ್ರವದ ತಳದಲ್ಲಿ ಇಳಿದು ನಿಲ್ಲುವ ಗಷ್ಟು. ಇತರೆಡೆ ಅಡಿಪಾಯ, ಆಧಾರ, ತೋರಿಕೆಯ ಹಿಂದಿರುವ ವಾಸ್ತವ. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರದಲ್ಲೇ ಈ ಪದಕ್ಕೆ ಒಂದಕ್ಕಿಂತ ಹೆಚ್ಚಿನ ಅರ್ಥಛಾಯೆಗಳಿವೆ: ಮೊದಲನೆಯ ಅಧ್ಯಾಯದಲ್ಲಿ ಅದು ದೇವರ ಇರವನ್ನು ಸೂಚಿಸಿದರೆ, ಹನ್ನೊಂದನೆಯ ಅಧ್ಯಾಯದಲ್ಲಿ ನಂಬಿಕೆಯನ್ನು ವಿವರಿಸುತ್ತದೆ. ಲ್ಯಾಟಿನ್ ಬೈಬಲ್ ಎರಡೂ ಕಡೆ ‘ಸಬ್‌ಸ್ಟಾನ್ಷಿಯಾ’ ಎಂಬ ಒಂದೇ ಪದವನ್ನು ಉಳಿಸಿಕೊಂಡಿತು. ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಬೈಬಲು ಮೊದಲನೆಯ ಕಡೆ ‘ತತ್ವ’ವನ್ನೂ ಎರಡನೆಯ ಕಡೆ ಭರವಸೆಯ ಪದವನ್ನೂ ಆರಿಸಿತು.

‘ಊಸಿಯಾ’ ‘ಇರು’ ಎಂಬರ್ಥದ ಧಾತುವಿನಿಂದ ಹುಟ್ಟಿದ ನಾಮಪದ. ಅರಿಸ್ಟಾಟಲನ ‘ಪದಾರ್ಥಗಳು’ ಎಂಬ ಕೃತಿಯಲ್ಲಿ ಇದಕ್ಕೆ ಎರಡು ಸ್ತರಗಳಿವೆ: ಈ ಮನುಷ್ಯ, ಈ ಕುದುರೆ ಎಂಬ ಬಿಡಿ ವಸ್ತು ಪ್ರಥಮ ಊಸಿಯಾ, ಮನುಷ್ಯಜಾತಿ, ಪ್ರಾಣಿವರ್ಗ ಮೊದಲಾದವು ದ್ವಿತೀಯ ಊಸಿಯಾ. ಬಿಡಿಯನ್ನೂ ಸಾಮಾನ್ಯವನ್ನೂ ಒಂದೇ ಪದ ಹೊತ್ತಿದ್ದುದು ಮುಂದಿನ ಗೊಂದಲಕ್ಕೆ ಒಂದು ಕಾರಣ.

2. ಪರ್ಯಾಯದಿಂದ ವೈರುಧ್ಯಕ್ಕೆ

325ರ ನಿಸಿಯಾ ಮಹಾಸಭೆಯು ಪುತ್ರನು ಪಿತನೊಡನೆ ಏಕಸತ್ತ್ವದವನು ಎಂದು ಘೋಷಿಸಿತು. ಅದರ ವಿಶ್ವಾಸಪ್ರಮಾಣದ ಕೊನೆಯ ಖಂಡನಾಭಾಗವು, ಪುತ್ರನು ಬೇರೆ ಹುಪೊಸ್ಟಸಿಸ್ ಅಥವಾ ಬೇರೆ ಊಸಿಯಾದಿಂದ ಬಂದವನೆನ್ನುವವರನ್ನು ಬಹಿಷ್ಕರಿಸುತ್ತದೆ. ಇಲ್ಲಿ ‘ಅಥವಾ’ ಜೋಡಿಸುವ ಪದಗಳ ನಡುವೆ ಯಾವ ಭೇದವನ್ನೂ ಸೂಚಿಸಿಲ್ಲ. ಆದ್ದರಿಂದ ‘ಮೂರು ಹುಪೊಸ್ಟಸಿಸ್’ ಎಂಬ ಮಾತು ಮುಂದೆ ಕೇಳಿಬಂದಾಗ, ನಿಸಿಯಾದ ಅಕ್ಷರಕ್ಕೆ ಅಂಟಿಕೊಂಡವರಿಗೆ ಅದು ಮೂರು ದೇವರ ವಾದವಾಗಿ ತೋರಿತು. ‘ಒಂದು ಹುಪೊಸ್ಟಸಿಸ್’ ಎಂಬುದು ಎದುರಿನವರಿಗೆ ಸಬೆಲಿಯಸನ ವಾದವಾಗಿ, ಅಂದರೆ ಒಬ್ಬನೇ ದೇವರು ಮೂರು ವೇಷಗಳಲ್ಲಿ ಕಾಣಿಸಿಕೊಂಡನೆಂಬ ಮತವಾಗಿ ಕೇಳಿಸಿತು.

362ರಲ್ಲಿ ಅಥನೇಸಿಯಸನ ನೇತೃತ್ವದಲ್ಲಿ ಅಲೆಗ್ಸಾಂಡ್ರಿಯದಲ್ಲಿ ಕೂಡಿದ ಸಭೆ ಇದಕ್ಕೊಂದು ಅಪೂರ್ವ ವಿಧಾನವನ್ನು ಅನುಸರಿಸಿತು. ಅಂತಿಯೋಕ್ಯದವರಿಗೆ ಅದು ಬರೆದ ಪತ್ರದ ಪ್ರಕಾರ, ಮೂರು ಎನ್ನುವವರನ್ನು ಕರೆದು ‘ನಿಮ್ಮ ಅರ್ಥವೇನು?’ ಎಂದು ಕೇಳಲಾಯಿತು. ಪರಸ್ಪರ ಪರಕೀಯವಾದ ಮೂರು ಸತ್ತ್ವಗಳು ತಮ್ಮ ಅಭಿಪ್ರಾಯವಲ್ಲವೆಂದು ಅವರು ತಿಳಿಸಿದರು. ಒಂದು ಎನ್ನುವವರನ್ನೂ ಕೇಳಲಾಯಿತು. ತಾವು ಆ ಪದವನ್ನು ಊಸಿಯಾ ಎಂಬರ್ಥದಲ್ಲಿ ಬಳಸುವುದಾಗಿ ಅವರು ಹೇಳಿದರು. ಎರಡೂ ಪಕ್ಷಗಳ ನಂಬಿಕೆ ಒಂದೇ ಎಂದು ಸಭೆ ನಿರ್ಣಯಿಸಿತು. ಉಕ್ತಿಯ ರೂಪವನ್ನು ಬಿಟ್ಟು ಭಾಷಿಕನ ಬಳಕೆಯನ್ನು ವಿಚಾರಿಸಿದ ಈ ಕ್ರಮ ಅರ್ಥವಿಜ್ಞಾನದ ದೃಷ್ಟಿಯಿಂದ ಗಮನಾರ್ಹ.

ಪದಗಳ ಸ್ಥಾನವನ್ನು ನಿಶ್ಚಿತಗೊಳಿಸಿದವರು ಕಪ್ಪದೋಕ್ಯದ ಲೇಖಕರು. ಊಸಿಯಾಕ್ಕೂ ಹುಪೊಸ್ಟಸಿಸ್ಸಿಗೂ ಇರುವ ಸಂಬಂಧವು ಸಾಮಾನ್ಯಕ್ಕೂ ವಿಶೇಷಕ್ಕೂ ಇರುವ ಸಂಬಂಧದಂತೆ ಎಂದು ಬೇಸಿಲನು ಅಂಫಿಲೋಕಿಯಸನಿಗೆ ಬರೆದ ಪತ್ರದಲ್ಲಿ ವಿವರಿಸಿದನು. ಹಾಗಾದರೆ ಪೇತ್ರ, ಯಾಕೋಬ, ಯೋಹಾನರನ್ನು ಮೂವರು ಮನುಷ್ಯರೆನ್ನುವಂತೆ ಮೂವರು ದೇವರೆಂದು ಏಕೆ ಹೇಳಬಾರದು? ನಿಸ್ಸದ ಗ್ರೆಗರಿ ಈ ಪ್ರಶ್ನೆಗಾಗಿಯೇ ಒಂದು ಕಿರುಗ್ರಂಥವನ್ನು ಬರೆಯಬೇಕಾಯಿತು. ಸ್ವಭಾವವಾಚಕವನ್ನು ಬಹುವಚನದಲ್ಲಿ ಬಳಸುವುದು ರೂಢಿಯ ಸಡಿಲತೆಯೆಂಬುದು ಅವನ ಉತ್ತರಗಳಲ್ಲೊಂದು.

3. ಲ್ಯಾಟಿನ್ನಿನ ಅಡ್ಡಿ

‘ಸಬ್‌ಸ್ಟಾನ್ಷಿಯಾ’ ಘಟಕಶಃ ‘ಹುಪೊಸ್ಟಸಿಸ್’ನ ಪ್ರತಿರೂಪ, ಎರಡರಲ್ಲೂ ‘ಕೆಳಗೆ ನಿಲ್ಲು’ ಎಂಬ ರಚನೆಯಿದೆ. ಆದರೆ ಮೂರನೆಯ ಶತಮಾನದ ಆರಂಭದಲ್ಲಿ ತೆರ್ತುಲಿಯನ್ನನು ಪ್ರಾಕ್ಸಿಯಾಸನ ವಿರುದ್ಧ ಬರೆದ ಕೃತಿಯಲ್ಲಿ ಏಕತೆಗೆ ‘ಸಬ್‌ಸ್ಟಾನ್ಷಿಯಾ’ವನ್ನೂ ಮೂರಕ್ಕೆ ‘ಪರ್ಸೋನಾ’ವನ್ನೂ ಗೊತ್ತುಮಾಡಿದ್ದನು. ಹೀಗಾಗಿ ಗ್ರೀಕರ ‘ಮೂರು ಹುಪೊಸ್ಟಸಿಸ್’ ಅನ್ನು ಪದಶಃ ಅನುವಾದಿಸಿದರೆ ಲ್ಯಾಟಿನ್ನಿನಲ್ಲಿ ಮೂರು ಸತ್ತ್ವಗಳಾಗುತ್ತಿದ್ದವು. ಇತ್ತ ‘ಪರ್ಸೋನಾ’ದ ಸಮಾನಪದವಾದ ಗ್ರೀಕಿನ ‘ಪ್ರೊಸೋಪೊನ್’ಗೆ ಮುಖ, ಮುಖವಾಡ ಎಂಬ ಅರ್ಥಗಳಿದ್ದುದರಿಂದ ಗ್ರೀಕರಿಗೆ ಸಬೆಲಿಯಸನ ಭಯ. ನಾಲ್ಕನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಸಿರಿಯದ ಮರುಭೂಮಿಯಲ್ಲಿದ್ದ ಜೆರೋಮನು, ಮೂರು ಹುಪೊಸ್ಟಸಿಸ್‌ಗಳನ್ನು ಒಪ್ಪಬೇಕೆಂಬ ಒತ್ತಾಯಕ್ಕೆ ಸಿಲುಕಿ ರೋಮಿನ ಡಮಾಸಸನಿಗೆ ಬರೆದ ಪತ್ರ ಈ ಇಕ್ಕಟ್ಟಿನ ನೇರ ದಾಖಲೆ. ತಾನು ಕಲಿತ ಲೌಕಿಕ ವಿದ್ಯೆಯಲ್ಲಿ ಆ ಪದಕ್ಕೆ ಊಸಿಯಾ ಹೊರತು ಬೇರೆ ಅರ್ಥವಿಲ್ಲವೆಂಬುದು ಅವನ ದೂರು. ಆಗಸ್ಟೀನನು ‘ತ್ರಿತ್ವ’ ಕುರಿತ ಗ್ರಂಥದಲ್ಲಿ, ಗ್ರೀಕರು ಎರಡು ಪದಗಳ ನಡುವೆ ಮಾಡುವ ಭೇದ ತನಗೆ ತಿಳಿಯದೆಂದು ಒಪ್ಪಿಕೊಂಡು, ‘ಮೂರು ಪರ್ಸೋನಾ’ ಎನ್ನುವುದು ಸುಮ್ಮನಿರಬಾರದೆಂಬ ಕಾರಣಕ್ಕೆ ಮಾತ್ರ ಎಂದನು.

4. ಸಿರಿಯಾಕಿನ ‘ಕ್ನೋಮಾ’

ತ್ರಿತ್ವದ ಚರ್ಚೆಗಾಗಿ ರೂಪುಗೊಂಡ ಪರಿಭಾಷೆಯನ್ನು ಕ್ರಿಸ್ತನ ಸ್ವರೂಪದ ಚರ್ಚೆಗೆ ಅನ್ವಯಿಸಿದಾಗ ಬಿಕ್ಕಟ್ಟು ತೀವ್ರವಾಯಿತು. 451ರ ಕಾಲ್ಸಿಡೋನ್ ಮಹಾಸಭೆ ಕ್ರಿಸ್ತನಲ್ಲಿ ಎರಡು ಸ್ವಭಾವಗಳು, ಒಂದೇ ಪ್ರೊಸೋಪೊನ್, ಒಂದೇ ಹುಪೊಸ್ಟಸಿಸ್ ಎಂದು ನಿರೂಪಿಸಿತು. ಸಿರಿಯಾಕಿನಲ್ಲಿ ಸ್ವಭಾವಕ್ಕೆ ‘ಕ್ಯಾನಾ’, ಹುಪೊಸ್ಟಸಿಸ್ಸಿಗೆ ‘ಕ್ನೋಮಾ’, ಪ್ರೊಸೋಪೊನ್‌ಗೆ ಗ್ರೀಕಿನಿಂದಲೇ ಎರವಲಾದ ‘ಪರ್ಸೋಪಾ’ ಬಳಕೆಯಲ್ಲಿದ್ದವು. ಪರ್ಷಿಯಾ ಸಾಮ್ರಾಜ್ಯದ ಪೂರ್ವಸಭೆಯ ಪರಂಪರೆಯಲ್ಲಿ ಕ್ನೋಮಾ ಎಂದರೆ ಒಂದು ಸಾಮಾನ್ಯ ಸ್ವಭಾವವು ವಾಸ್ತವವಾಗಿ ಇರುವ ಬಿಡಿ ನಿದರ್ಶನ, ‘ಯಾರು?’ ಎಂಬ ಪ್ರಶ್ನೆಗೆ ಉತ್ತರವಾಗುವ ಕರ್ತೃವಲ್ಲ. ಸ್ವಭಾವಗಳು ಎರಡಾದರೆ ಕ್ನೋಮಾಗಳೂ ಎರಡಾಗಲೇಬೇಕು. 628ರಲ್ಲಿ ತೀರಿಕೊಂಡ ಮಹಾ ಬಾಬಾಯಿಯು ಎರಡು ಕ್ಯಾನಾ, ಎರಡು ಕ್ನೋಮಾ, ಒಂದು ಪರ್ಸೋಪಾ ಎಂಬ ಸೂತ್ರವನ್ನು ವ್ಯವಸ್ಥಿತವಾಗಿ ಮಂಡಿಸಿದನು. ಗ್ರೀಕ್ ಕಿವಿಗೆ ಇದು ಕ್ರಿಸ್ತನನ್ನು ಇಬ್ಬರನ್ನಾಗಿ ಸೀಳುವ ಮಾತು. ಸಿರಿಯಾಕ್ ಕಿವಿಗೆ ‘ಒಂದೇ ಕ್ನೋಮಾ’ ಎಂಬುದು ಎರಡು ಸ್ವಭಾವಗಳನ್ನು ಕಲಸುವ ಮಾತು. ಎರಡು ಸಾಮ್ರಾಜ್ಯಗಳ ರಾಜಕೀಯವೂ ಈ ವಿಭಜನೆಗೆ ಕಾರಣವಾಗಿತ್ತು. ಆದರೂ 1994ರ ನವೆಂಬರ್ 11ರಂದು ಎರಡನೆಯ ಪೋಪ್ ಜಾನ್ ಪಾಲ್ ಮತ್ತು ಪೂರ್ವಸಭೆಯ ನಾಲ್ಕನೆಯ ಮಾರ್ ದಿನ್ಖಾ ಸಹಿ ಮಾಡಿದ ಜಂಟಿ ಹೇಳಿಕೆ, ಹಿಂದಿನ ಒಡಕಿಗೆ ಬಹುಮಟ್ಟಿಗೆ ತಪ್ಪುಗ್ರಹಿಕೆಯೇ ಕಾರಣವೆಂದು ಒಪ್ಪಿಕೊಂಡಿತು. ವಿವಾದಿತ ಪದದ ನೆರವಿಲ್ಲದೆಯೇ ಅದು ಸಮಾನ ವಿಶ್ವಾಸವನ್ನು ನಿರೂಪಿಸಿತು.

5. ಕನ್ನಡದ ಸಾಧ್ಯತೆಗಳು

ಕನ್ನಡದ ಕ್ರೈಸ್ತ ಬಳಕೆಯಲ್ಲಿ ಹುಪೊಸ್ಟಸಿಸ್ಸಿನ ಸ್ಥಾನದಲ್ಲಿರುವ ‘ವ್ಯಕ್ತಿ’ಗೆ ಎರಡು ಚರಿತ್ರೆಗಳಿವೆ. ನ್ಯಾಯಸೂತ್ರಗಳಲ್ಲಿ ಪದಾರ್ಥವಿಚಾರದ ಸಂದರ್ಭದಲ್ಲಿ ವ್ಯಕ್ತಿ, ಆಕೃತಿ, ಜಾತಿ ಎಂಬ ಮೂರು ಪರಿಭಾಷೆಗಳು ಬರುತ್ತವೆ. ಅಲ್ಲಿ ‘ವ್ಯಕ್ತಿ’ಯು ಜಾತಿಗೆ ಎದುರಾದ ಬಿಡಿ ವಸ್ತು, ಹಸುವೂ ವ್ಯಕ್ತಿಯೇ. ಇದು ಬೇಸಿಲನ ಸಾಮಾನ್ಯ–ವಿಶೇಷ ವೈರುಧ್ಯಕ್ಕೆ ಸಮೀಪವಾದುದು. ಆಧುನಿಕ ಕನ್ನಡದಲ್ಲಾದರೋ ವ್ಯಕ್ತಿ ಎಂದರೆ ಮನುಷ್ಯ. ‘ಮೂರು ವ್ಯಕ್ತಿಗಳು’ ಎನ್ನುವ ಬದಲು ‘ಮೂವರು ವ್ಯಕ್ತಿಗಳು’ ಎಂದ ಕೂಡಲೇ ಸಂಖ್ಯಾವಾಚಕವೇ ಈ ಎರಡನೆಯ ಅರ್ಥವನ್ನು ಗಟ್ಟಿಗೊಳಿಸುತ್ತದೆ. ಯುರೋಪಿನಲ್ಲೂ ಇಂಥ ಪಲ್ಲಟವಾಗಿದೆ. ಲಾಕನ ನಂತರ ‘ಪರ್ಸನ್’ ಎಂದರೆ ಸ್ವಪ್ರಜ್ಞೆಯುಳ್ಳ ಜೀವಿ ಎಂಬ ಅರ್ಥ ಬಲಗೊಂಡುದರಿಂದಲೇ ಕಾರ್ಲ್ ಬಾರ್ತ್ 1932ರಲ್ಲಿ ಆ ಪದಕ್ಕೆ ಬದಲಾಗಿ ‘ಇರವಿನ ರೀತಿ’ ಎಂಬರ್ಥದ ಜರ್ಮನ್ ಪದವನ್ನು ಮುಂದಿಟ್ಟನು.

ಆದರೆ ಕನ್ನಡದ ವ್ಯಾಕರಣಕ್ಕೆ ಇಲ್ಲೊಂದು ಅನುಕೂಲವೂ ಇದೆ. ನಾಜಿಯಾನ್ಸಸಿನ ಗ್ರೆಗರಿ ಕ್ಲೆಡೋನಿಯಸನಿಗೆ ಬರೆದ ಪತ್ರದಲ್ಲಿ ಇಡೀ ವಿವಾದವನ್ನು ಸರ್ವನಾಮದ ಲಿಂಗಭೇದದಿಂದ ಬಗೆಹರಿಸಿದನು: ತ್ರಿತ್ವದಲ್ಲಿ ‘ಬೇರೆ’ ಎಂಬುದು ಪುಲ್ಲಿಂಗದಲ್ಲಿ ಸಲ್ಲುತ್ತದೆ, ನಪುಂಸಕದಲ್ಲಿ ಅಲ್ಲ, ಕ್ರಿಸ್ತನಲ್ಲಿ ಇದರ ವಿಪರ್ಯಯ. ಮಹತ್–ಅಮಹತ್ ಭೇದವುಳ್ಳ ಕನ್ನಡದಲ್ಲಿ ಇದು ಯಾವ ಪಾರಿಭಾಷಿಕ ಪದವೂ ಇಲ್ಲದೆ ಮೂಡುತ್ತದೆ. ಪಿತನಿಗಿಂತ ಪುತ್ರನು ಬೇರೊಬ್ಬ, ಬೇರೊಂದಲ್ಲ. ಕ್ರಿಸ್ತನ ದೈವತ್ವಕ್ಕಿಂತ ಮನುಷ್ಯತ್ವ ಬೇರೊಂದು, ಬೇರೊಬ್ಬನಲ್ಲ. ‘ಯಾರು’ ಮತ್ತು ‘ಏನು’ ಎಂಬ ಪ್ರಶ್ನೆಗಳ ಈ ವೈರುಧ್ಯವೇ ಸೂತ್ರದ ತಿರುಳು.

ಪಾರಿಭಾಷಿಕ ಕೋಶರಚನೆಗೆ ಇದರಿಂದ ಒಂದು ನಿಯಮ ದೊರೆಯುತ್ತದೆ. ‘ಹುಪೊಸ್ಟಸಿಸ್: ವ್ಯಕ್ತಿ’ ಎಂಬ ನಮೂದು 381ರ ನಂತರದ ಗ್ರೀಕ್ ಪಠ್ಯಕ್ಕೆ ಸರಿ, 325ರ ಪಠ್ಯಕ್ಕೆ ತಪ್ಪು, ಬಾಬಾಯಿಯ ‘ಕ್ನೋಮಾ’ಕ್ಕೆ ವಿಸ್ತರಿಸಿದರೆ ಅನ್ಯಾಯ. ಆದ್ದರಿಂದ ಪ್ರತಿಯೊಂದು ನಮೂದಿನಲ್ಲಿಯೂ ಪದದ ಜೊತೆಗೆ ಅದು ಯಾವ ಪದಕ್ಕೆ ಎದುರಾಗಿ ನಿಂತಿದೆ, ಯಾವ ಕಾಲದಲ್ಲಿ, ಯಾವ ಸಮುದಾಯದಲ್ಲಿ ಎಂಬುದನ್ನೂ ದಾಖಲಿಸಬೇಕು.