ಕೆಲಸ ಇಲ್ಲಿ, ಠಸ್ಸೆ ಅಲ್ಲಿ

ಕೊಲ್ಲೂರು ಮೂಕಾಂಬಿಕೆ ದೇವಸ್ಥಾನದ ಸರಸ್ವತಿ ಮಂಟಪದ ಹತ್ರ ಬೆಳಿಗ್ಗೆ ಹೊತ್ತು ಹೋದರೆ ಒಂದಷ್ಟು ಮಕ್ಕಳು ಅಳ್ತಾ ಕೂತಿರ್ತಾವೆ. ಹರಿವಾಣದಲ್ಲಿ ಅಕ್ಕಿ ಹರಡಿರ್ತಾರೆ, ಮಗುವಿನ ಬೆರಳು ಹಿಡಿದು ಅದರ ಮೇಲೆ ಮೊದಲ ಅಕ್ಷರ ಬರೆಸ್ತಾರೆ. ವಿಜಯದಶಮಿಗೆ ಕೇರಳದಿಂದ ಬರುವವರ ಸಾಲು ನೋಡಿದರೆ ಗೊತ್ತಾಗುತ್ತೆ, ಓದಿನ ಮೊದಲ ಮೆಟ್ಟಿಲಿಗೆ ನಮ್ಮ ಕರಾವಳಿಯಲ್ಲಿ ಎಷ್ಟು ಗಟ್ಟಿಯಾದ ವಿಳಾಸ ಇದೆ ಅಂತ.

ಕೊನೇ ಮೆಟ್ಟಿಲಿಗೆ ಮಾತ್ರ ಅಂಥದ್ದೊಂದು ವಿಳಾಸ ಬಹಳ ಕಾಲ ಇರಲಿಲ್ಲ. ಕೊನೇ ಮೆಟ್ಟಿಲು ಅಂದ್ರೆ ಪಿಎಚ್‌ಡಿ. ಅದರಲ್ಲೂ ನಾನು ಇಲ್ಲಿ ಹೇಳಲು ಹೊರಟಿರುವುದು ಕಂಪ್ಯೂಟರ್ ಮತ್ತು ಅದರ ಅಕ್ಕಪಕ್ಕದ ವಿಷಯಗಳ ಪಿಎಚ್‌ಡಿ ಬಗ್ಗೆ. ಏಳೆಂಟು ವರ್ಷ ಕೋಡ್ ಬರೆದು, ಒಂದು ಫ್ಲಾಟು ತಗೊಂಡು, ಇಎಂಐ ಕಟ್ತಾ ಇರುವವರ ತಲೆಯಲ್ಲಿ ರಾತ್ರಿ ಹನ್ನೊಂದಕ್ಕೆ ಹುಟ್ಟುವ ಯೋಚನೆ ಅದು. ಈಗ ಮಾಡಬಹುದಾ? ಎಲ್ಲಿ ಮಾಡೋದು? ಯಾರು ದುಡ್ಡು ಕೊಡ್ತಾರೆ? ಈ ಪ್ರಶ್ನೆಗಳು ಹೊಸವೇನಲ್ಲ. ನಮ್ಮ ಕಡೆಯವರು ಎಪ್ಪತ್ತೆಂಬತ್ತು ವರ್ಷದಿಂದ ಇವನ್ನೇ ಕೇಳ್ತಾ ಬಂದಿದ್ದಾರೆ. ಅವರು ಕಂಡುಕೊಂಡ ಉತ್ತರ ಈಗಲೂ ಉಪಯೋಗಕ್ಕೆ ಬರುತ್ತೆ.

ಉಡುಪಿ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಓದಿನ ಹಾದಿಯನ್ನೇ ನೋಡಿ. ಊರಿನ ಶಾಲೆ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು, ಇಂಟರ್‌ಮೀಡಿಯಟ್‌ಗೆ ಬಳ್ಳಾರಿ, ಬಿಎಸ್ಸಿಗೆ ಅನಂತಪುರ, ಎಂಎಸ್ಸಿಗೆ ಬನಾರಸ್, ಪಿಎಚ್‌ಡಿಗೆ ಅಹಮದಾಬಾದ್. ಆಗ ಸೌತ್ ಕೆನರಾ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕುಂದಾಪುರದವನಿಗೆ ವಿಶ್ವವಿದ್ಯಾಲಯ ಅಂದ್ರೆ ಘಟ್ಟ ಹತ್ತಿ, ಇಡೀ ದಕ್ಷಿಣ ದಾಟಿ ಬಂಗಾಳ ಕೊಲ್ಲಿಯ ದಂಡೆಯಲ್ಲಿ ಸಿಗುವ ವಸ್ತು. ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜು ಶುರುವಾದದ್ದೇ 1963ರಲ್ಲಿ. ಹಾಗಾಗಿ ಓದಬೇಕು ಅಂದವನು ಮೊದಲು ಟ್ರಂಕು ಕಟ್ಟಬೇಕಿತ್ತು.

ರಾವ್ ಅವರ ಕತೆಯಲ್ಲಿ ಒಂದು ಸಣ್ಣ ವಿವರ ಇದೆ, ಅದು ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಅವರು ಸಂಶೋಧನೆ ಮಾಡಿದ್ದು ವಿಕ್ರಂ ಸಾರಾಭಾಯಿ ಅವರ ಕೈಕೆಳಗೆ, ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ. 1960ರಲ್ಲಿ ಪದವಿ ಕೊಟ್ಟಿದ್ದು ಗುಜರಾತ್ ವಿಶ್ವವಿದ್ಯಾಲಯ. ಕೆಲಸ ಒಂದು ಕಡೆ, ಠಸ್ಸೆ ಇನ್ನೊಂದು ಕಡೆ. ಸ್ವತಃ ಸಾರಾಭಾಯಿಯವರದ್ದೂ ಇದೇ ಕತೆ. ಯುದ್ಧದ ಕಾಲದಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಜೊತೆ ಕಾಸ್ಮಿಕ್ ಕಿರಣಗಳ ಕೆಲಸ ಮಾಡಿದರು, 1947ರಲ್ಲಿ ಪಿಎಚ್‌ಡಿ ಬಂದಿದ್ದು ಕೇಂಬ್ರಿಜ್‌ನಿಂದ.

ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಐಐಎಸ್‌ಸಿಗೆ 1958ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ಅದಕ್ಕೂ ಮೊದಲು ದೇಶದ ಅತ್ಯುತ್ತಮ ಲ್ಯಾಬುಗಳು ಅಲ್ಲೇ ಇದ್ದರೂ, ಅದು ಕೊಡ್ತಾ ಇದ್ದದ್ದು ಅಸೋಸಿಯೇಟ್‌ಶಿಪ್, ಫೆಲೋಶಿಪ್ ಅನ್ನುವ ತನ್ನದೇ ಬಿರುದುಗಳನ್ನು. ಡಾಕ್ಟರೇಟ್ ಬೇಕಿದ್ದವರು ಪ್ರಬಂಧವನ್ನು ಬೇರೆ ವಿಶ್ವವಿದ್ಯಾಲಯದ ಬಾಗಿಲಿಗೆ ಹೊರಬೇಕಿತ್ತು. ಮರದ ಕೆಳಗೆ ಮರಿ ಹಾಕಿ, ಬೇರೆ ಕೊಟ್ಟಿಗೆಯಲ್ಲಿ ಲೆಕ್ಕ ಬರೆಸಿದ ಹಾಗೆ.

ಈಗ ಕಂಪ್ಯೂಟರ್‌ಗೆ ಬರೋಣ. 1950ರ ದಶಕದ ಮಧ್ಯದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿನ್ಸೆಂಟ್ ರೈಡೌಟ್ ಅನ್ನುವ ಪ್ರೊಫೆಸರ್ ಐಐಎಸ್‌ಸಿಗೆ ಬಂದು ಒಂದು ಅನಲಾಗ್ ಕಂಪ್ಯೂಟರ್ ಕಟ್ಟಿಸಿದರು. ಅದರ ಹೆಸರು ಪ್ರೇಡಾ. ಅನಲಾಗ್ ಅಂದ್ರೆ ಸೊನ್ನೆ, ಒಂದುಗಳ ಲೆಕ್ಕ ಅಲ್ಲ. ಸಮೀಕರಣದಲ್ಲಿ ಬೆಲೆ ಹೇಗೆ ಏರಿ ಇಳಿಯುತ್ತೋ, ಸರ್ಕ್ಯೂಟ್‌ನಲ್ಲಿ ವೋಲ್ಟೇಜೂ ಹಾಗೇ ಏರಿ ಇಳಿಯುವಂತೆ ಕಟ್ಟುವುದು, ಉತ್ತರವನ್ನು ಅಳೆದು ತೆಗೆಯುವುದು. ಈ ಯಂತ್ರದ ಮೇಲೆ ಕೆಲಸ ಮಾಡಿದ ಹುಡುಗರಲ್ಲಿ ವಿ. ರಾಜಾರಾಮನ್ ಒಬ್ಬರು. 1957ರಲ್ಲಿ ಅವರಿಗೆ ಐಐಎಸ್‌ಸಿಯ ಅಸೋಸಿಯೇಟ್‌ಶಿಪ್ ಸಿಕ್ಕಿತು. ಪಿಎಚ್‌ಡಿ ಮಾಡಬೇಕು ಅಂದಾಗ ಎಂಐಟಿ ಮೂಲಕ ಅದೇ ರೈಡೌಟ್ ಇದ್ದ ವಿಸ್ಕಾನ್ಸಿನ್‌ಗೆ ಹೋಗಿ 1961ರಲ್ಲಿ ಮುಗಿಸಿದರು. ವಿಷಯ ಅಡಾಪ್ಟಿವ್ ಕಂಟ್ರೋಲ್. ಪದವಿ ಪತ್ರದಲ್ಲಿ ಕಂಪ್ಯೂಟರ್ ಸೈನ್ಸ್ ಅನ್ನುವ ಮಾತೇ ಇಲ್ಲ! ವಾಪಸ್ ಬಂದು ಐಐಟಿ ಕಾನ್ಪುರ ಸೇರಿದರು. ಅಲ್ಲಿಗೆ 1963ರಲ್ಲಿ ಐಬಿಎಂ 1620 ಬಂತು, 1965ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಕಂಪ್ಯೂಟರ್ ಸೈನ್ಸನ್ನು ಒಂದು ಓದಿನ ವಿಷಯವಾಗಿ ಶುರು ಮಾಡುವುದರಲ್ಲಿ ಅವರು ಮುಂದೆ ನಿಂತರು. 1982ರಲ್ಲಿ ಬೆಂಗಳೂರಿಗೆ ಮರಳಿದರು. ನಮ್ಮಲ್ಲಿ ಎಷ್ಟೋ ಜನ ಫೋರ್ಟ್ರಾನ್ ಕಲಿತದ್ದು ಅವರ ತೆಳ್ಳನೆ ಪುಸ್ತಕದಿಂದ. ಪುಸ್ತಕದ ಬೆಲೆ ವಿದ್ಯಾರ್ಥಿಯ ಕೈಗೆಟುಕಬೇಕು ಅನ್ನುವ ಹಟ ಅವರಿಗಿತ್ತು, ಆ ಹಟಕ್ಕೆ ನನ್ನದೊಂದು ದೊಡ್ಡ ನಮಸ್ಕಾರ.

ಅದೇ ಕಾಲದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಟಿಫ್ರಾಕ್ ಅನ್ನುವ ಡಿಜಿಟಲ್ ಯಂತ್ರ ಕಟ್ಟಿದ ಆರ್. ನರಸಿಂಹನ್ ಅವರ ಡಾಕ್ಟರೇಟ್ ಗಣಿತದಲ್ಲಿ, ಅಮೆರಿಕದ ಇಂಡಿಯಾನಾದಿಂದ. ಕಾನ್ಪುರ ಮತ್ತು ಮದ್ರಾಸ್ ಐಐಟಿಗಳಲ್ಲಿ ಒಂದು ತಲೆಮಾರಿಗೆ ಕಂಪ್ಯೂಟರ್ ಕಲಿಸಿದ ಎಚ್.ಎನ್. ಮಹಾಬಲ ಅವರದ್ದು ಕೆನಡಾದ ಸಸ್ಕಾಚುವಾನ್‌ನಿಂದ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರ ಕತೆ ಇನ್ನೂ ಮಜಾ. ಇವತ್ತು ಮಷೀನ್ ಲರ್ನಿಂಗ್ ಓದುವವರೆಲ್ಲ ಎಲ್ಲೋ ಒಂದು ಕಡೆ ಎದುರಾಗುವ ಕ್ರಾಮರ್-ರಾವ್ ಮಿತಿಯನ್ನು ಅವರು ಪ್ರಕಟಿಸಿದ್ದು 1945ರಲ್ಲಿ, ಕಲ್ಕತ್ತದಲ್ಲಿ ಕೂತು, ಪಿಎಚ್‌ಡಿ ಇಲ್ಲದೆ. ಆಮೇಲೆ ಕೇಂಬ್ರಿಜ್‌ಗೆ ಹೋದದ್ದು ಅಲ್ಲಿಯ ಮ್ಯೂಸಿಯಂನಲ್ಲಿ ಸುಡಾನಿನ ಹಳೇ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸುವ ಕೆಲಸಕ್ಕೆ. ಆ ಕೆಲಸ ಮಾಡ್ತಾ ಮಾಡ್ತಾ ಆರ್.ಎ. ಫಿಷರ್ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಆಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಆನ್‌ಸೈಟ್ ಪ್ರಾಜೆಕ್ಟಿಗೆ ಹೋಗಿ ಪಿಎಚ್‌ಡಿ ಮುಗಿಸಿ ಬಂದರು.

ಈ ಎಲ್ಲರೂ ಗಂಡಸರು ಅಂತ ನೀವು ಹೇಳುವ ಮೊದಲು ರಾಜೇಶ್ವರಿ ಚಟರ್ಜಿ ಅವರ ಬಗ್ಗೆ ಹೇಳಬೇಕು. 1922ರಲ್ಲಿ ಮೈಸೂರು ಸೀಮೆಯಲ್ಲಿ ಹುಟ್ಟಿದವರು, ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂಎಸ್ಸಿ. ರಾಮನ್ ಹತ್ತಿರ ಸಂಶೋಧನೆಗೆ ಸೇರಲು ಕೇಳಿದರೆ, ಭೌತಶಾಸ್ತ್ರದ ಪದವಿ ಇಲ್ಲ ಅನ್ನುವ ಕಾರಣಕ್ಕೆ ಆಗಲಿಲ್ಲ. ಐಐಎಸ್‌ಸಿಯ ವಿದ್ಯುತ್ ತಂತ್ರಜ್ಞಾನದ ವಿಭಾಗ ಸೇರಿಕೊಂಡರು. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ 1947ರಲ್ಲಿ ಹಡಗು ಹತ್ತಿ ಮಿಷಿಗನ್‌ಗೆ ಹೋದರು. ಮಾಸ್ಟರ್ಸ್ ಆಯ್ತು, ವಾಷಿಂಗ್ಟನ್‌ನಲ್ಲಿ ಕೆಲವು ತಿಂಗಳ ತರಬೇತಿ ಆಯ್ತು, ಬಾರ್ಬರ್ ಸ್ಕಾಲರ್‌ಶಿಪ್ ಸಿಕ್ಕಿತು, 1953ರಲ್ಲಿ ಪಿಎಚ್‌ಡಿ. ವಾಪಸ್ ಬಂದು ಐಐಎಸ್‌ಸಿಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾಗಳ ಸಂಶೋಧನೆ ಕಟ್ಟಿದರು, ಸುಮಾರು 20 ಜನರಿಗೆ ಪಿಎಚ್‌ಡಿ ಮಾರ್ಗದರ್ಶನ ಮಾಡಿದರು. ಆಚೆಯಿಂದ ತಂದ ಒಂದು ಠಸ್ಸೆ ಇಲ್ಲಿ ಇಪ್ಪತ್ತಾಯ್ತು. ವಿದೇಶಕ್ಕೆ ಹೋಗೋದು ಸರಿಯೋ ತಪ್ಪೋ ಅನ್ನುವ ಚರ್ಚೆ ಎದ್ದಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತೆ.

ಕರ್ನಾಟಕದಲ್ಲಿ ಠಸ್ಸೆ ಹತ್ತಿರ ಬಂದದ್ದು ನಿಧಾನಕ್ಕೆ. ಐಐಎಸ್‌ಸಿಯಲ್ಲಿ 1969ರಲ್ಲಿ ಸ್ಕೂಲ್ ಆಫ್ ಆಟೊಮೇಷನ್ ಹುಟ್ಟಿತು, ಇವತ್ತಿನ ಸಿಎಸ್‌ಎ ವಿಭಾಗ ಅದೇ. ಕರಾವಳಿಯಲ್ಲಿ ಮಣಿಪಾಲದ ಎಂಐಟಿ 1957ರದ್ದು, ಸುರತ್ಕಲ್‌ನ ಕೆಆರ್‌ಇಸಿ 1960ರದ್ದು. ಆದರೆ ಸುರತ್ಕಲ್‌ನದು ಬಹುಕಾಲ ಬೇರೆಯವರ ಠಸ್ಸೆಯೇ: ಮೊದಲು ಮೈಸೂರು ವಿವಿ, 1980ರಲ್ಲಿ ಮಂಗಳೂರು ವಿವಿ ಆದ ಮೇಲೆ ಅದು, 1998ರಲ್ಲಿ ವಿಟಿಯು. 2002ರಲ್ಲಿ ಎನ್‌ಐಟಿಕೆ ಆದಾಗ ತನ್ನ ಪದವಿಯನ್ನು ತಾನೇ ಕೊಡುವ ಅಧಿಕಾರ ಬಂತು. ಮಣಿಪಾಲದ ಮಾಹೆ 1993ರಲ್ಲಿ ಡೀಮ್ಡ್ ಆಯ್ತು, ಆಮೇಲೆ ಎಂಐಟಿ ಅದರ ಒಳಗೆ ಬಂತು. ಅಂದ್ರೆ ಕೊಲ್ಲೂರಿನಲ್ಲಿ ಅಕ್ಕಿ ಮೇಲೆ ಬರೆದ ಮಗು ಬೆಳಿಗ್ಗೆ ಬಸ್ಸು ಹತ್ತಿ ಮಧ್ಯಾಹ್ನದೊಳಗೆ ತಲುಪುವ ದೂರದಲ್ಲಿ ಕಂಪ್ಯೂಟರ್ ಪಿಎಚ್‌ಡಿ ಸಿಗುವಂತಾದದ್ದು ಹೆಚ್ಚುಕಡಿಮೆ ಈ ಶತಮಾನದಲ್ಲೇ.

ಅಷ್ಟು ಹತ್ತಿರ ಬಂದ ಹೊತ್ತಿಗೆ ಮಗುವಿಗೆ ಅದು ಬೇಡವಾಗಿತ್ತು! 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, 1991ರ ನಂತರ ಐಟಿ ಕಂಪನಿಗಳು ಬಿಇ ಮುಗಿಯುವ ಮೊದಲೇ ಆಫರ್ ಲೆಟರ್ ಕೊಡಲು ಶುರು ಮಾಡಿದವು. ಕುಂದಾಪ್ರದ ಅಪ್ಪ-ಅಮ್ಮ 'ಇನ್ನು ಎಂತಕ್ಕೆ ಓದೂದ್' ಅಂತ ಕೇಳಿದರೆ ಅದರಲ್ಲಿ ತಪ್ಪೇನಿಲ್ಲ, ಲೆಕ್ಕ ಹಾಗೇ ಇತ್ತು. ಇನ್ನೊಂದು ಕಡೆ ನಮಗೆ 'ಡಾ.' ಅನ್ನುವ ಅಕ್ಷರದ ಮೇಲೆ ವಿಪರೀತ ಪ್ರೀತಿ. ಡಾ. ರಾಜ್‌ಕುಮಾರ್, ಕೋಟದ ಡಾ. ಶಿವರಾಮ ಕಾರಂತ, ಎರಡೂ ಗೌರವ ಡಾಕ್ಟರೇಟ್‌ಗಳೇ. ಗೌರವಕ್ಕೆ ಬರುವ ಠಸ್ಸೆ ಬೇರೆ, ಆರು ವರ್ಷ ಒಂದೇ ಪ್ರಶ್ನೆ ಹಿಡಿದು ಕೂರುವ ಠಸ್ಸೆ ಬೇರೆ ಅನ್ನೋದನ್ನ ಮನೆಯವರಿಗೆ ಅರ್ಥ ಮಾಡಿಸೋದು ಇವತ್ತಿಗೂ ಕಷ್ಟ.

2005ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಬೆಂಗಳೂರಿನಲ್ಲಿ ಲ್ಯಾಬ್ ತೆರೆದ ಮೇಲೆ, 2019ರಲ್ಲಿ ಗೂಗಲ್ ರಿಸರ್ಚ್ ಬಂದ ಮೇಲೆ, ಪಿಎಚ್‌ಡಿ ಇದ್ದವರಿಗೇ ಅಂತ ಇರುವ ಕೆಲಸಗಳು ನಮ್ಮ ಕಣ್ಣೆದುರಿಗೇ ಕಾಣಿಸಿಕೊಂಡವು. ಹಾಗಾಗಿ ರಾತ್ರಿ ಹನ್ನೊಂದರ ಯೋಚನೆ ಮತ್ತೆ ಶುರುವಾಗಿದೆ.

ಇವತ್ತಿನ ದಾರಿಗಳನ್ನು ಈ ಹಳೇ ಕನ್ನಡಕದಲ್ಲಿ ನೋಡಿದರೆ ಬೇಗ ಅರ್ಥವಾಗುತ್ತೆ. ಕೆಲಸ ಬಿಟ್ಟು ಪೂರ್ತಿ ಹೊತ್ತು ಹೋಗುವುದಾದರೆ ಐಐಎಸ್‌ಸಿ, ಐಐಟಿಗಳು, ಎನ್‌ಐಟಿಕೆ, ಐಐಐಟಿ-ಬಿ ಇವೆ. ಗೇಟ್ ಅಥವಾ ನೆಟ್, ಮೇಲೆ ಇಂಟರ್‌ವ್ಯೂ. ಐಐಎಸ್‌ಸಿಗೆ ಬಿಇ ಮುಗಿಸಿದವರು ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಯುಜಿಸಿಯ 2022ರ ನಿಯಮಗಳ ಪ್ರಕಾರ ಉಳಿದ ವಿಶ್ವವಿದ್ಯಾಲಯಗಳಲ್ಲೂ ನಾಲ್ಕು ವರ್ಷದ ಪದವಿಯಲ್ಲಿ 75% ಇದ್ದರೆ ಎಂಟೆಕ್ ಇಲ್ಲದೆ ಸೇರಬಹುದು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಹೆಣ್ಣುಮಕ್ಕಳಿಗೆ ಇನ್ನಷ್ಟು ರಿಯಾಯಿತಿ ಇದೆ, ಹೆರಿಗೆ ರಜೆ 240 ದಿನ. ದುಡ್ಡಿನ ವಿಷಯ: 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ 42,000. 2018ರಲ್ಲಿ ಶುರುವಾದ ಪ್ರಧಾನಮಂತ್ರಿ ಫೆಲೋಶಿಪ್‌ನಲ್ಲಿ 70,000ದಿಂದ 80,000. ಒಬ್ಬಂಟಿಗನಿಗೆ ಇದು ಸಾಕು, ಬೆಂಗಳೂರಿನಲ್ಲಿ ಇಎಂಐ ಇರುವವನಿಗೆ ಸಾಲದು. ಇದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಸೇರುವ ಮೊದಲು ಸಾಲ ತೀರಿಸಿ ಅನ್ನೋದು ನನ್ನ ಮಟ್ಟಿಗೆ ಗೇಟ್ ಸ್ಕೋರಿಗಿಂತ ದೊಡ್ಡ ಅರ್ಹತೆ.

ಕೆಲಸ ಬಿಡದೆ ಮಾಡುವುದು ಅಂದ್ರೆ ಮತ್ತೆ ಹಳೇ ಪದ್ಧತಿಯೇ. ಐಐಎಸ್‌ಸಿಯ ಎಕ್ಸ್‌ಟರ್ನಲ್ ರಿಜಿಸ್ಟ್ರೇಷನ್‌ನಲ್ಲಿ ಆರ್ ಆಂಡ್ ಡಿ ಇರುವ ಸಂಸ್ಥೆಯ ನೌಕರರು ಕೋರ್ಸ್‌ವರ್ಕ್‌ಗೆ ಬಂದು ಹೋಗಿ, ಸಂಶೋಧನೆಯನ್ನು ತಮ್ಮ ಸಂಸ್ಥೆಯಲ್ಲೇ ಮುಂದುವರಿಸ್ತಾರೆ. ಸಾರಾಭಾಯಿ ಮಾಡಿದ್ದನ್ನು ತಿರುಗಿಸಿಟ್ಟ ಹಾಗೆ. ವಿಟಿಯು ಪಾರ್ಟ್ ಟೈಮ್‌ನಲ್ಲಿ ಗೈಡು ಬೆಂಗಳೂರಿನ ಯಾವುದೋ ಕಾಲೇಜಿನಲ್ಲಿ, ಠಸ್ಸೆ ಬೆಳಗಾವಿಯಲ್ಲಿ. ಕಂಪನಿಯ ಎನ್‌ಒಸಿ ಬೇಕೇ ಬೇಕು. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟು. ಕೆಲಸ ಮತ್ತು ಠಸ್ಸೆ ಬೇರೆ ಬೇರೆ ಕಡೆ ಇದ್ದರೂ ಯು.ಆರ್. ರಾವ್ ಗೆದ್ದದ್ದು ಯಾಕೆ ಅಂದ್ರೆ ಕೆಲಸ ನಡೆಯುವ ಜಾಗ ಗಟ್ಟಿಯಾಗಿತ್ತು. ಹಗಲು ಆಫೀಸಿನಲ್ಲಿ ಒಂದು ಕೆಲಸ, ರಾತ್ರಿ ಅದಕ್ಕೆ ಸಂಬಂಧವೇ ಇಲ್ಲದ ಪ್ರಬಂಧ ಅಂತಾದರೆ ಎರಡನೇ ವರ್ಷಕ್ಕೆ ಪ್ರಬಂಧ ಮಲಗುತ್ತೆ. ಆಫೀಸಿನ ಸಮಸ್ಯೆಯೇ ಪ್ರಬಂಧದ ಸಮಸ್ಯೆಯೂ ಆಗುವಂತಿದ್ದರೆ ಮಾತ್ರ ಈ ದಾರಿ ಹಿಡೀರಿ.

ಹೊರದೇಶದ ವಿಷಯವೂ ಹೆಚ್ಚು ಬದಲಾಗಿಲ್ಲ. ಅಮೆರಿಕದಲ್ಲಿ ಬಿಇ ಮೇಲೆ ನೇರ ಸೇರಬಹುದು, ಸಾಮಾನ್ಯವಾಗಿ ಫೀಸು ಮಾಫಿ, ಅಸಿಸ್ಟೆಂಟ್‌ಶಿಪ್ ದುಡ್ಡು ಸಿಗುತ್ತೆ. ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ಪಿಎಚ್‌ಡಿ ಅಂದ್ರೆ ಒಂದು ನೌಕರಿ, ಕಾಂಟ್ರಾಕ್ಟು, ಸಂಬಳ ಎಲ್ಲ ಇರುತ್ತೆ, ಆದರೆ ಹೆಚ್ಚಾಗಿ ಮಾಸ್ಟರ್ಸ್ ಕೇಳ್ತಾರೆ. ಧೈರ್ಯ ಸಾಲದವರಿಗೆ ನಡುವಿನ ಒಂದು ಕಟ್ಟೆಯೂ ಇದೆ: ಮೈಕ್ರೋಸಾಫ್ಟ್, ಗೂಗಲ್ ಲ್ಯಾಬುಗಳ ಒಂದೆರಡು ವರ್ಷದ ಪ್ರಿ-ಡಾಕ್ಟರಲ್ ಹುದ್ದೆಗಳು. ಸಂಶೋಧನೆ ಅನ್ನುವ ಜೀವನ ನಮಗೆ ಒಗ್ಗುತ್ತಾ ಅಂತ ಸಂಬಳ ತಗೊಂಡೇ ನೋಡಬಹುದು. ನಾನು ಕೇಳಿದವರಿಗೆಲ್ಲ ಮೊದಲು ಇದನ್ನೇ ಹೇಳೋದು.

ಇನ್ನು ವಿಭಾಗದ ಹೆಸರಿಗೆ ಜೋತು ಬೀಳಬೇಡಿ. ರಾಜಾರಾಮನ್ ಅವರ ಪಿಎಚ್‌ಡಿ ಕಂಟ್ರೋಲ್‌ನಲ್ಲಿ, ನರಸಿಂಹನ್ ಅವರದ್ದು ಗಣಿತದಲ್ಲಿ. ಇವತ್ತೂ ಐಐಎಸ್‌ಸಿಯಲ್ಲಿ ಸಿಎಸ್‌ಎ ಸಿಗದವರು ಕಂಪ್ಯುಟೇಷನಲ್ ಆಂಡ್ ಡೇಟಾ ಸೈನ್ಸ್, ಇಸಿಇ, ರೋಬೋಟಿಕ್ಸ್ ನೋಡುವ ಸೈಬರ್-ಫಿಸಿಕಲ್ ಸಿಸ್ಟಮ್ಸ್ ಕೇಂದ್ರ ಇವನ್ನು ನೋಡಬೇಕು. ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಎಸ್.ಆರ್. ರಂಗನಾಥನ್ 1962ರಲ್ಲಿ ಶುರು ಮಾಡಿದ ಡಿಆರ್‌ಟಿಸಿ ಇದೆ. ಮಾಹಿತಿಯನ್ನು ಹೇಗೆ ವರ್ಗೀಕರಿಸೋದು, ಹೇಗೆ ಹುಡುಕೋದು ಅನ್ನುವ ಪ್ರಶ್ನೆಗೆ ಅದು ಗೂಗಲ್‌ಗಿಂತ ಹಳೇ ಮನೆ.

ವಿಭಾಗಕ್ಕಿಂತ ಗೈಡ್ ಮುಖ್ಯ. ರಾಜಾರಾಮನ್ ವಿಸ್ಕಾನ್ಸಿನ್‌ಗೆ ಹೋದದ್ದು ರ್‍ಯಾಂಕಿಂಗ್ ಪಟ್ಟಿ ನೋಡಿ ಅಲ್ಲ, ರೈಡೌಟ್ ಅಲ್ಲಿದ್ದರು ಅಂತ. ಅರ್ಜಿ ಹಾಕುವ ಮೊದಲು ಆ ಗೈಡ್ ಹತ್ತಿರ ಮುಗಿಸಿದ ಇಬ್ಬರನ್ನು, ಸಾಧ್ಯವಾದರೆ ಅರ್ಧಕ್ಕೆ ಬಿಟ್ಟ ಒಬ್ಬರನ್ನು ಹುಡುಕಿ ಫೋನ್ ಮಾಡಿ. ಎಷ್ಟು ವರ್ಷ ಹಿಡೀತು, ವಾರಕ್ಕೆ ಎಷ್ಟು ಸಲ ಸಿಗ್ತಾರೆ, ಡ್ರಾಫ್ಟ್ ಕಳಿಸಿದರೆ ಎಷ್ಟು ದಿನಕ್ಕೆ ಓದ್ತಾರೆ, ಇಷ್ಟು ಕೇಳಿ.